ಸಹಿಗಿಂತ ಮೊದಲು ಸೀಮೆಸುಣ್ಣ

ಹೈದರಾಬಾದಿನ ಜೀಡಿಮೆಟ್ಲ, ಬಾಲಾನಗರದ ಶೆಡ್ಡುಗಳಲ್ಲಿ ಔಷಧ ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡುವ ಸಣ್ಣ ಉದ್ದಿಮೆಗಳು ಬಹಳ. ಬೀದರ್, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದ ಹುಡುಗರಿಗೂ ಅಲ್ಲಿ ಕೆಲಸ ಸಿಗುತ್ತದೆ. ಅವರು ಡ್ರಾಯಿಂಗ್ ಚೆನ್ನಾಗಿ ಹಾಕುತ್ತಾರೆ. ಆ ಡ್ರಾಯಿಂಗನ್ನು ಗಿರಾಕಿಗೆ ಅರ್ಥ ಮಾಡಿಸುವುದನ್ನು ಮಾತ್ರ ಯಾವ ಪಾಲಿಟೆಕ್ನಿಕ್ಕಿನಲ್ಲೂ ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿರುವುದಿಲ್ಲ.

ನಾನು ಕಲಿತದ್ದು ಪೆಟ್ಟು ತಿಂದು. ಒಂದು ಕಾರ್ಖಾನೆಗೆ 48 ಟ್ರೇಗಳ ಡ್ರೈಯರ್ ಮಾಡಿದ್ದೆವು. ಡ್ರಾಯಿಂಗ್ ಕಳಿಸಿದೆವು, ಖರೀದಿ ವಿಭಾಗದವರು ಸಹಿ ಹಾಕಿ ಹಿಂದಿರುಗಿಸಿದರು. ಯಂತ್ರ ಲಾರಿಯಿಂದಿಳಿದು ಜಾಗದಲ್ಲಿ ಕೂತಾಗ ಬಾಗಿಲು ಅರ್ಧ ತೆರೆದು ಕಂಬಕ್ಕೆ ತಾಗಿ ನಿಂತಿತು. ಟ್ರೇಗಳ ಟ್ರಾಲಿ ಹೊರಗೆ ಬರಲು ದಾರಿಯಿಲ್ಲ. ತಪ್ಪು ನನ್ನದೇ. ಬಾಗಿಲು ಮುಚ್ಚಿದ ಚಿತ್ರ ಕೊಟ್ಟಿದ್ದೆ, ಅದು ತೆರೆದಾಗ ಎಲ್ಲಿಯವರೆಗೆ ಬರುತ್ತದೆಂದು ಗೆರೆ ಎಳೆದಿರಲಿಲ್ಲ. ಸಹಿ ಹಾಕಿದವರು ಒಂದು ದಿನವೂ ಆ ಕೋಣೆಯಲ್ಲಿ ಕೆಲಸ ಮಾಡಿದವರಲ್ಲ.

ಮೊದಲು ಕೇಳಿ, ಬರೆದುಕೊಳ್ಳಿ

ಔಷಧ ಕ್ಷೇತ್ರದಲ್ಲಿ ಎಲ್ಲ ಶುರುವಾಗುವುದು ಯುಆರ್‌ಎಸ್‌ನಿಂದ, ಅಂದರೆ ಬಳಸುವವರಿಗೆ ಏನೇನು ಬೇಕು ಎಂಬ ಪಟ್ಟಿಯಿಂದ. ಎಷ್ಟೋ ಸಲ ಅದು ಹಳೆಯ ಯಂತ್ರದ ಪಟ್ಟಿಯ ನಕಲಾಗಿರುತ್ತದೆ. ಅದನ್ನು ಹಿಡಿದುಕೊಂಡು ಗಿರಾಕಿಯ ಕಾರ್ಖಾನೆಗೆ ಹೋಗಿ. ಉತ್ಪಾದನೆ, ಗುಣಮಟ್ಟ, ರಿಪೇರಿ, ಈ ಮೂರೂ ವಿಭಾಗದವರ ಜೊತೆ ಕೂತು ಮಾತಾಡಿ. ರಾತ್ರಿ ಪಾಳಿಯ ಆಪರೇಟರನ್ನು ಮರೆಯಬೇಡಿ, ಹಳೆಯ ಯಂತ್ರದ ಕಾಟ ಅವನಷ್ಟು ಗೊತ್ತಿರುವವರಿಲ್ಲ.

ಅಂಕಿಗಳನ್ನು ಬಿಡಿಸಿ ಕೇಳಿ. ‘ನೂರು ಕಿಲೋ ಒಣಗಿಸಬೇಕು’ ಅಂದರೆ ಹಸಿ ಮಾಲೋ ಒಣ ಮಾಲೋ? ‘500 ಲೀಟರ್ ರಿಯಾಕ್ಟರ್’ ಅಂದರೆ ಅಂಚಿನವರೆಗಿನ ಲೆಕ್ಕವೋ, ಕಲಕುವಾಗ ಚೆಲ್ಲದಂತೆ ತುಂಬುವ ಲೆಕ್ಕವೋ?

ಡ್ರಾಯಿಂಗಿಗೆ ಮೊದಲು ಒಂದು ಪುಟ

ಎಡಗಡೆ ಹಳೆಯ ಯಂತ್ರ, ಬಲಗಡೆ ಹೊಸದು. ಏನು ಹಾಗೇ ಇದೆ, ಏನು ಬದಲಾಗಿದೆ, ಈ ಯಂತ್ರದಿಂದ ಏನು ಆಗುವುದಿಲ್ಲ. ಮೂರನೆಯದನ್ನು ಬರೆಯಲು ಮಾರಾಟದವರು ಒಪ್ಪುವುದಿಲ್ಲ. ಆದರೂ ಬರೆಯಿರಿ. ಆಗದ್ದನ್ನು ಮುಂಚೆಯೇ ಹೇಳಿದವನ ಬಳಿಗೆ ಗಿರಾಕಿ ಮತ್ತೆ ಬರುತ್ತಾನೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಜಿಎ ಡ್ರಾಯಿಂಗ್

ಯಂತ್ರದ ಹೊರರೂಪ ತೋರಿಸುವ ಜಿಎ ಡ್ರಾಯಿಂಗಿನಲ್ಲಿ ಉದ್ದ, ಅಗಲ, ಎತ್ತರ ಬರೆದರೆ ಸಾಲದು. ಬಾಗಿಲು ತೆರೆಯುವ ಸುತ್ತು, ಮೋಟಾರ್ ಬಿಚ್ಚಲು ಬೇಕಾದ ಜಾಗ, ಉಗಿ-ನೀರು-ಗಾಳಿಯ ಪೈಪು ಎಲ್ಲಿ ಸೇರುತ್ತದೆ, ತುಂಬಿದಾಗ ನೆಲದ ಮೇಲೆ ಬೀಳುವ ತೂಕ, ಇಷ್ಟೂ ಬೇಕು. ಯಂತ್ರ ಒಳಗೆ ಹೋಗುವ ದಾರಿಯಲ್ಲಿ ಯಾವ ಬಾಗಿಲು ಎಲ್ಲಕ್ಕಿಂತ ಕಿರಿದು ಎಂಬುದನ್ನೂ ಅಳೆದು ಬರೆಯಿರಿ.

ಅಮೆರಿಕದ ಗಿರಾಕಿಯಾದರೆ ಇನ್ನೊಂದು ಎಚ್ಚರ. ನಮ್ಮಲ್ಲಿ ಫಸ್ಟ್ ಆ್ಯಂಗಲ್ ಪದ್ಧತಿ, ಮೇಲಿನಿಂದ ಕಂಡ ನೋಟವನ್ನು ಮುಂದಿನ ನೋಟದ ಕೆಳಗೆ ಹಾಕುತ್ತೇವೆ. ಅವರದು ಥರ್ಡ್ ಆ್ಯಂಗಲ್, ಅದು ಮೇಲೆಯೇ ಬರುತ್ತದೆ. ಪಕ್ಕದ ನೋಟಗಳೂ ಹಾಗೇ ಅದಲುಬದಲು. ಮೂಲೆಯಲ್ಲಿ ಆ ಪುಟ್ಟ ಶಂಕುವಿನ ಚಿಹ್ನೆ ಹಾಕದಿದ್ದರೆ ಎಡಕ್ಕಿರಬೇಕಾದ ನಾಝಲ್ ಬಲಕ್ಕೆ ಬಂದು ಕೂರುತ್ತದೆ.

ನೆಲದ ಮೇಲೆ ಬರೆದು ತೋರಿಸಿ

ಆ ಡ್ರೈಯರ್ ಆದಮೇಲೆ ಸೀಮೆಸುಣ್ಣ, ಟೇಪು ಇಲ್ಲದೆ ನಾನು ಗಿರಾಕಿಯ ಕಾರ್ಖಾನೆಗೆ ಹೋದದ್ದಿಲ್ಲ. ಯಂತ್ರ ಬರುವ ಜಾಗದಲ್ಲೇ ಅದರ ಪೂರ್ತಿ ಅಳತೆ ಬರೆಯಿರಿ. ಬಾಗಿಲಿನ ಸುತ್ತನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ಕಂಟ್ರೋಲ್ ಪ್ಯಾನಲ್ ಬರುವ ಎತ್ತರಕ್ಕೆ ಗೋಡೆಯ ಮೇಲೆ ಒಂದು ರಟ್ಟು ಅಂಟಿಸಿ. ಆಮೇಲೆ ಆಪರೇಟರನ್ನು ಕರೆದು ಖಾಲಿ ಟ್ರಾಲಿ ತಳ್ಳಲು ಹೇಳಿ, ನೀವು ಸುಮ್ಮನೆ ನಿಂತು ನೋಡಿ. ಒಂದು ಕಡೆ ಆತ ಟ್ರಾಲಿ ಹಿಡಿದು ಗೆರೆಯ ಬಳಿ ನಿಂತುಬಿಟ್ಟ. ‘ಸಾರ್, ಇಲ್ಲಿ ತಿರುಗಿಸಿದರೆ ನನ್ನ ಬೆನ್ನು ಉಗಿ ಪೈಪಿಗೆ ತಾಗುತ್ತದೆ’ ಅಂದ. ಆರು ಜನ ಇಂಜಿನಿಯರುಗಳು ವಾರಗಟ್ಟಲೆ ನೋಡಿದ್ದ ಡ್ರಾಯಿಂಗ್ ಅದು. ಯಾರಿಗೂ ಆ ಪೈಪು ಹೊಳೆದಿರಲಿಲ್ಲ.

ಮಾದರಿ ಮಾಡುವುದಾದರೆ

ಯಂತ್ರ ತೀರಾ ಹೊಸದಾದರೆ ಪ್ಲೈವುಡ್ಡಿನಲ್ಲೋ ತ್ರೀಡಿ ಪ್ರಿಂಟಿನಲ್ಲೋ ಮಾದರಿ ಬೇಕು. ಹೈದರಾಬಾದಿನ ರಾಯದುರ್ಗಂನಲ್ಲಿ 2023ರ ಮಾರ್ಚ್‌ನಲ್ಲಿ ತೆರೆದ ಟಿ-ವರ್ಕ್ಸ್ ಇಂಥ ಮಾದರಿಗಳಿಗಾಗಿಯೇ ಇರುವ ಕೇಂದ್ರ.

ಮಾದರಿಯನ್ನು ಯಾರಿಗೆ ತೋರಿಸಬೇಕು? ಇದೇ ಊರಿನ ಇಸಿಐಎಲ್‌ನ ಮತಯಂತ್ರವನ್ನು ನೋಡಿ. 1979ರಲ್ಲಿ ಸಿದ್ಧವಾದ ಮಾದರಿಯನ್ನು ಚುನಾವಣಾ ಆಯೋಗ 1980ರ ಆಗಸ್ಟ್ 6ರಂದು ರಾಜಕೀಯ ಪಕ್ಷಗಳ ಪ್ರತಿನಿಧಿಗಳ ಮುಂದಿಟ್ಟಿತು. ಅನುಮಾನ ಪಡಬಲ್ಲವರ ಮುಂದೆಯೇ! ಬೆಂಗಳೂರಿನ ಬಿಇಎಲ್ ಕೂಡ ಜೊತೆಗೂಡಿತು. 1982ರಲ್ಲಿ ಕೇರಳದ ಪರೂರಿನ 50 ಮತಗಟ್ಟೆಗಳಲ್ಲಿ ಅದು ಮೊದಲ ಸಲ ಬಳಕೆಗೆ ಬಂತು. ಮುಂದೆ ವಿವಿಪ್ಯಾಟ್ ಬಂದಾಗ 2011ರಲ್ಲಿ ಲಡಾಖಿನ ಚಳಿ, ಜೈಸಲ್ಮೇರಿನ ಬಿಸಿಲು, ಚಿರಾಪುಂಜಿಯ ಮಳೆ, ತಿರುವನಂತಪುರದ ಕರಾವಳಿ ಹವೆಯಲ್ಲಿಟ್ಟು ನೋಡಿದರು. ವಿನ್ಯಾಸ ತಿದ್ದಿ, 2012ರಲ್ಲಿ ಮತ್ತೊಮ್ಮೆ ನೋಡಿದರು. ಚೀಟಿ ಏಳು ಸೆಕೆಂಡು ಕಾಣುವ ಆ ಯಂತ್ರ 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಉಪಚುನಾವಣೆಯಲ್ಲಿ ಬಳಕೆಗಿಳಿಯಿತು. ಕಡು ಪ್ರಶ್ನೆ ಕೇಳುವವರನ್ನೂ ಕಡು ಹವೆಯನ್ನೂ ಮೊದಲೇ ಹುಡುಕಿಕೊಂಡು ಹೋದ ಈ ರೀತಿ ನನಗೆ ಬಹಳ ಇಷ್ಟ.

ಸಹಿ, ಪರೀಕ್ಷೆ

ಪ್ರತಿ ತಿದ್ದುಪಡಿಗೂ ರಿವಿಷನ್ ಸಂಖ್ಯೆ, ತಾರೀಖು, ಬದಲಾದ ಜಾಗದ ಸುತ್ತ ಮೋಡದಂಥ ಗೆರೆ ಇರಲಿ. ಫೋನಿನಲ್ಲಿ ಒಪ್ಪಿದ್ದನ್ನು ಅದೇ ದಿನ ಮೇಲ್‌ನಲ್ಲಿ ಬರೆದು ಕಳಿಸಿ. ಖರೀದಿಯವರ ಸಹಿಯ ಪಕ್ಕ ಉತ್ಪಾದನೆಯವರ ಸಹಿಯನ್ನೂ ಕೇಳಿ ಪಡೆಯಿರಿ. 2023ರ ಡಿಸೆಂಬರ್‌ನ ಪರಿಷ್ಕೃತ ಶೆಡ್ಯೂಲ್ ಎಂ ನಿಯಮಗಳ ಪ್ರಕಾರ ಔಷಧ ತಯಾರಕರು ತಮ್ಮ ಯಂತ್ರಗಳ ಅರ್ಹತೆಯನ್ನು ದಾಖಲೆಸಹಿತ ತೋರಿಸಬೇಕು. ಅದಕ್ಕೆ ನಿಮ್ಮ ಈ ಕಾಗದಗಳೇ ಆಧಾರ.

ಕೊನೆಗೆ ಫ್ಯಾಟ್, ನಮ್ಮ ಶೆಡ್ಡಿನಲ್ಲೇ ಗಿರಾಕಿಯ ಎದುರು ನಡೆಯುವ ಪರೀಕ್ಷೆ. ಅದಕ್ಕೆ ಮ್ಯಾನೇಜರುಗಳ ಜೊತೆ ಒಬ್ಬ ಆಪರೇಟರನ್ನೂ ಕಳಿಸಿಕೊಡಿ ಎಂದು ಪತ್ರದಲ್ಲೇ ಕೇಳಿ. ಆತ ತೆಲುಗಿನವನಿರಲಿ, ಹಿಂದಿಯವನಿರಲಿ, ಒಡಿಯಾದವನಿರಲಿ, ಮ್ಯಾನುಯಲ್ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯಿರಿ. ಯಾವ ಗುಂಡಿಯ ಮುಂದೆ ಕೈ ತಡೆದು ನಿಮ್ಮ ಮುಖ ನೋಡುತ್ತಾನೋ ಅಲ್ಲಿ ಗುರುತು ಹಾಕಿಕೊಳ್ಳಿ. ಯಂತ್ರ ಲಾರಿ ಹತ್ತುವ ಮೊದಲು ಮ್ಯಾನುಯಲ್ಲಿನ ಆ ಪುಟವನ್ನು ಮತ್ತೆ ಬರೆಯಬೇಕು.