ಉಣುಗಿನ ಬಾಯಿ ನೋಡಿ, ಬಣ್ಣ ನೋಡಬೇಡಿ



ಡಿಸೆಂಬರ್ ಬಂತೆಂದರೆ ಮಲೆನಾಡಿನ ಕಡೆಯ ಮಕ್ಕಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಮಿಸ್, ನಮ್ಮ ಹಸುವಿನ ಮೈಮೇಲಿರುವ ಉಣುಗಿನಿಂದಲೂ ಮಂಗನ ಕಾಯಿಲೆ ಬರುತ್ತದಾ?” ಹಸುವಿನ ಮೈಮೇಲಿರುವುದು ಯಾವ ಉಣುಗು ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಉಣುಗು ಕೀಟವಲ್ಲ, ಜೇಡದ ಬಳಗದ್ದು. ಮರಿಗೆ ಆರು ಕಾಲು, ನಂತರದ ಹಂತಗಳಿಗೆ ಎಂಟು. ಹೆಚ್ಚಿನವರು ಬಣ್ಣ, ಗಾತ್ರ ನೋಡಿ ಗುರುತಿಸಲು ಹೊರಡುತ್ತಾರೆ. ಅದು ನಡೆಯುವುದಿಲ್ಲ. ರಕ್ತ ಕುಡಿದ ಹೆಣ್ಣು ಉಣುಗು ಹಲವು ಪಟ್ಟು ಊದಿ ಬೂದುಬಣ್ಣಕ್ಕೆ ತಿರುಗುತ್ತದೆ. ಆಗ ಬೇರೆ ಬೇರೆ ಜಾತಿಗಳೂ ಒಂದೇ ಥರ ಕಾಣುತ್ತವೆ. ಊದದೆ ಉಳಿಯುವುದು ಬಾಯಿಭಾಗ ಮತ್ತು ಬೆನ್ನಿನ ಗಟ್ಟಿ ಫಲಕ. ಅವನ್ನೇ ನೋಡಬೇಕು.

ನಮ್ಮ ಪ್ರಯೋಗಾಲಯದ ಡಿಸೆಕ್ಷನ್ ಮೈಕ್ರೋಸ್ಕೋಪ್ ಇದಕ್ಕೆ ಸಾಕು. ನಾಯಿಯ ಕಂದು ಉಣುಗು ರಿಪಿಸೆಫಾಲಸ್ ಸಾಂಗ್ವಿನಿಯಸ್ ಅನ್ನು ಮೇಲಿನಿಂದ ನೋಡಿದರೆ ಬಾಯಿಯ ಬುಡ ಷಟ್ಕೋನದಂತಿದೆ, ಫಲಕದ ಅಂಚಿನಲ್ಲಿ ಎರಡು ಸರಳ ಕಣ್ಣುಗಳಿವೆ. ದೇಹದ ಹಿಂಬದಿಯ ಅಂಚಿನಲ್ಲಿ ಕರ್ಜಿಕಾಯಿಯ ಅಂಚಿನಂತೆ ಮಡಿಕೆಗಳು; ಇವಕ್ಕೆ ಫೆಸ್ಟೂನ್ ಎಂದು ಹೆಸರು. ಹಸುವಿನ ಮೇಲಿನ ರಿಪಿಸೆಫಾಲಸ್ ಮೈಕ್ರೋಪ್ಲಸ್‌ನ ಬುಡವೂ ಷಟ್ಕೋನ, ಆದರೆ ಅದಕ್ಕೆ ಫೆಸ್ಟೂನ್ ಇಲ್ಲ. ಹೆಮಾಫೈಸಾಲಿಸ್ ಕುಲದಲ್ಲಿ ಬುಡ ಆಯತಾಕಾರ, ಕಣ್ಣುಗಳೇ ಇಲ್ಲ, ಫೆಸ್ಟೂನ್ ಇವೆ. ಬಾಯಿಯ ಎರಡೂ ಬದಿಯ ಪಾಲ್ಪ್‌ಗಳ ಎರಡನೇ ಖಂಡ ಸಾಮಾನ್ಯವಾಗಿ ಬುಡಕ್ಕಿಂತ ಆಚೆಗೆ ಚಾಚಿರುತ್ತದೆ. ಒಮ್ಮೆ ನೋಡಿದರೆ ಮರೆಯುವಂತಿಲ್ಲ.

ಮಂಗನ ಕಾಯಿಲೆಯ ಮುಖ್ಯ ವಾಹಕ ಹೆಮಾಫೈಸಾಲಿಸ್ ಸ್ಪಿನಿಜೆರಾ ಈ ಕುಲದ್ದೇ. (ಸ್ಪಿನಿಜೆರಾ ಎಂದರೆ ಮುಳ್ಳು ಹೊತ್ತದ್ದು.) ಆದರೆ ಕುಲ ಸಿಕ್ಕಿತೆಂದು ಜಾತಿ ಸಿಕ್ಕಂತಲ್ಲ. ದನ, ಆಡುಗಳ ಮೇಲೆ ಸಿಗುವ ಹೆಮಾಫೈಸಾಲಿಸ್ ಬೈಸ್ಪೈನೋಸಾ ಕೂಡ ಇದೇ ಕುಲ. ಅಲ್ಲಿಂದ ಮುಂದೆ ಕಾಲಿನ ಬುಡದ ಮುಳ್ಳುಗಳ ಉದ್ದ, ಪಾಲ್ಪ್‌ನ ಆಕಾರ ಹೋಲಿಸಬೇಕು. ಅದು ತಜ್ಞರ ಕೆಲಸ.

ವ್ಯತ್ಯಾಸ ಏಕೆ ಮುಖ್ಯ? ಮೈಕ್ರೋಪ್ಲಸ್ ಮರಿಯಿಂದ ಪ್ರೌಢಾವಸ್ಥೆಯವರೆಗೆ ಒಂದೇ ಪ್ರಾಣಿಯ ಮೇಲೆ ಕಳೆಯುತ್ತದೆ. ಸ್ಪಿನಿಜೆರಾ ಪ್ರತಿ ಹಂತದಲ್ಲೂ ನೆಲಕ್ಕೆ ಬಿದ್ದು ಹೊಸ ಪ್ರಾಣಿ ಹುಡುಕುತ್ತದೆ. ಪ್ರೌಢ ಉಣುಗು ದನದ ಮೇಲೂ ಇರುತ್ತದೆ, ಆದರೆ ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ನಡುವಿನ ಹಂತವಾದ ನಿಂಫ್. ಗಾತ್ರ ರಾಗಿಕಾಳಿನಷ್ಟು, ಕಾಡಿನ ತರಗೆಲೆಯಿಂದ ಹತ್ತುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಈ ರೋಗ ಪತ್ತೆಯಾದ ಮೇಲೆ, 1964ರಲ್ಲಿ ಟ್ರಾಪಿಡೋ ಮತ್ತು ಸಂಗಡಿಗರು ದಕ್ಷಿಣ ಭಾರತದ ಹೆಮಾಫೈಸಾಲಿಸ್‌ಗಳ ಎಲ್ಲ ಹಂತಗಳಿಗೂ ಗುರುತಿನ ಕೈಪಿಡಿ ಬರೆದರು. “ಎಲ್ಲ ಹಂತ” ಎಂಬ ಮಾತೇ ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು. ಪ್ರೌಢ ಉಣುಗನ್ನು ಮಾತ್ರ ಬಲ್ಲವನಿಗೆ ಕಚ್ಚುವ ನಿಂಫ್ ಗೊತ್ತಾಗುವುದಿಲ್ಲ.

ಮೈಗೆ ಕಚ್ಚಿಕೊಂಡಿದ್ದರೆ ಚರ್ಮಕ್ಕೆ ತಾಗಿದಂತೆ ಚಿಮುಟದಲ್ಲಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಬೆರಳಲ್ಲಿ ಹಿಸುಕುವುದೂ ಬೇಡ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಮನೆಯ ಹಸು, ನಾಯಿಯ ಉಣುಗನ್ನು ನೋಡಬೇಕೆನ್ನುವವರು ಪ್ರಯೋಗಾಲಯದಿಂದ 70% ಆಲ್ಕೋಹಾಲ್ ಇರುವ ಸಣ್ಣ ಬಾಟಲಿ ಪಡೆಯಿರಿ. ಕೈಗವಸು ಹಾಕಿ, ಚಿಮುಟದಿಂದಲೇ ತೆಗೆಯಿರಿ. ಕಾಡಿಗೆ ಹೋಗಿ ಹುಡುಕಿ ತರಬೇಡಿ. ದಿನಾಂಕ, ಊರು, ಯಾವ ಪ್ರಾಣಿ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಬಾಟಲಿಯೊಳಗೇ ಇರಲಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ.