ನೆಂಟರ ಮನೆಗೆ ಹೋದಾಗ ಕೇಳಬೇಕಾದ ಪ್ರಶ್ನೆ

ನಾನೂ ನನ್ನ ಯಜಮಾನರೂ ತುಮಕೂರಿನಲ್ಲಿ ಹೈಸ್ಕೂಲು ಶಿಕ್ಷಕರು. ಇವರದು ಸಮಾಜ ವಿಜ್ಞಾನ, ನನ್ನದು ಕನ್ನಡ. ಈ ಬೇಸಿಗೆ ರಜೆಯಲ್ಲಿ ಸ್ವಾತಂತ್ರ್ಯ ಹೋರಾಟ ನಡೆದ ಊರುಗಳನ್ನು ನೋಡೋಣ, ಹಾಗೇ ನೆಂಟರನ್ನೂ ಮಾತಾಡಿಸಿಕೊಂಡು ಬರೋಣ ಎಂದುಕೊಂಡೆವು. ಎಲ್ಲಿಗೆ ಹೋಗಬೇಕೆಂದು ಮೊದಲು ಕೇಳಿದ್ದು ನೆಂಟರನ್ನೇ. ಅದರಿಂದ ಪ್ರವಾಸದ ದಿಕ್ಕೇ ಬದಲಾಯಿತು.

ಧಾರವಾಡದಲ್ಲಿರುವ ನಾದಿನಿ ಫೋನಿನಲ್ಲೇ ಹೇಳಿದಳು: "ವೈನಿ, ಕಿತ್ತೂರು ಎಲ್ಲಾರೂ ನೋಡ್ತಾರ್ರಿ. ನೀವು ಬೆಂಗೇರಿಗೆ ಹೋಗ್ರಿ ಮೊದಲ."

ಬೆಂಗೇರಿ ಇರುವುದು ಹುಬ್ಬಳ್ಳಿಯಲ್ಲಿ. ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ ಎಂಬುದನ್ನು ಪ್ರತಿ ಆಗಸ್ಟಿನಲ್ಲೂ ಮಕ್ಕಳಿಗೆ ಹೇಳುತ್ತಿದ್ದೆವು. ಕಣ್ಣಾರೆ ಕಂಡಿದ್ದು ಈಗ. ಬಟ್ಟೆಗೆ ಬಣ್ಣ ಕಟ್ಟಬೇಕು, ಅಳತೆಗೆ ಕತ್ತರಿಸಬೇಕು, ಹೊಲಿಯಬೇಕು. ಚಕ್ರದ 24 ಗೆರೆಗಳು ಬಟ್ಟೆಯ ಎರಡೂ ಬದಿಯಲ್ಲಿ ಒಂದರ ಮೇಲೊಂದು ಕೂಡಬೇಕು. ಅಳತೆಗಳೇ ಒಂಬತ್ತು, ಅತಿ ದೊಡ್ಡದು ಸುಮಾರು 21 ಅಡಿ ಉದ್ದ, 14 ಅಡಿ ಅಗಲ. ಈ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. 2021ರ ಕೊನೆಗೆ ಧ್ವಜ ಸಂಹಿತೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಾವುಟಕ್ಕೂ ಅನುಮತಿ ಸಿಕ್ಕಿತು. ಮನೆಮನೆಯಲ್ಲೂ ಬಾವುಟ ಹಾರಲಿ, ನನಗೂ ಅದು ಇಷ್ಟವೇ. ಆದರೆ ಕೈಯಿಂದ ನೂತ ನೂಲಿಗೂ ಈ ಬಾವುಟಕ್ಕೂ ಇರುವ ನಂಟು ಕಡಿದುಹೋಗಬಾರದು. ನಮ್ಮ ಶಾಲೆಗೆ ಇನ್ನು ಮುಂದೆ ಖಾದಿ ಬಾವುಟವೇ ಬರಬೇಕೆಂದು ಇಬ್ಬರೂ ಅಲ್ಲೇ ತೀರ್ಮಾನಿಸಿದೆವು.

ಕಿತ್ತೂರನ್ನು ಬಿಡಲಿಲ್ಲ. ಬೇಸಿಗೆಯಲ್ಲಿ ಕೋಟೆ ನೋಡುವವರು ಬೆಳಗಿನ ತಂಪಿನಲ್ಲೇ ಹೋಗಬೇಕು, ಹತ್ತು ಗಂಟೆಯ ಮೇಲೆ ಆ ಕಲ್ಲುಗಳ ನಡುವೆ ನಿಲ್ಲಲಾಗುವುದಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಪಡೆಯೊಡನೆ ನಡೆದ ಕಾಳಗದಲ್ಲಿ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಸತ್ತದ್ದು ಇಲ್ಲಿ. ಅದೇ ಡಿಸೆಂಬರಿನಲ್ಲಿ ಕೋಟೆ ಬಿತ್ತು. ಬಹಳ ಜನ ಇಷ್ಟು ನೋಡಿ ಹಿಂತಿರುಗುತ್ತಾರೆ. ಚೆನ್ನಮ್ಮ ಸೆರೆಯಲ್ಲಿ ಕೊನೆಯುಸಿರೆಳೆದ ಬೈಲಹೊಂಗಲಕ್ಕೂ ಹೋಗಲೇಬೇಕು. ಗೆಲುವಿನ ದಿನದಿಂದ 1829ರ ಸಾವಿನವರೆಗೆ ಆಕೆ ಕಳೆದ ವರ್ಷಗಳು ಪಾಠದಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತವೆ. ಸಮಾಧಿಯ ಮುಂದೆ ನಿಂತಾಗ ಆ ಸಾಲು ಎಷ್ಟು ಚಿಕ್ಕದೆಂದು ತಿಳಿಯಿತು.

ಬೆಳಗಾವಿಯಲ್ಲಿ 1924ರ ಕಾಂಗ್ರೆಸ್ ಅಧಿವೇಶನದ ಸ್ಮಾರಕವಾದ ವೀರಸೌಧ, ಆ ಅಧಿವೇಶನಕ್ಕೆ ನೀರಿಗಾಗಿ ತೋಡಿಸಿದ ಕಾಂಗ್ರೆಸ್ ಬಾವಿ ನೋಡಿದೆವು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ಅದು. ಅಲ್ಲಿಂದ ಘಟ್ಟ ಇಳಿದು ಅಂಕೋಲೆಗೆ ಬಂದೆವು.

ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮನೆ. ಚಿಕ್ಕಂದಿನಿಂದ ಎಷ್ಟೋ ರಜೆಗಳನ್ನು ಅಲ್ಲಿ ಕಳೆದಿದ್ದೇನೆ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದದ್ದು ನನಗೆ ಪುಸ್ತಕದಿಂದ ಗೊತ್ತಿತ್ತು. ಈ ಸಲ ಊಟವಾದ ಮೇಲೆ ಇವರು ಚಿಕ್ಕಮ್ಮನನ್ನು ಕೇಳಿದರು: "ಕರನಿರಾಕರಣೆ ಕಾಲದಲ್ಲಿ ಈ ಮನೆಯವರು ಏನು ಕಳಕೊಂಡರು?"

ಚಿಕ್ಕಮ್ಮ ಎದ್ದು ನಮ್ಮನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ಒಲೆಯ ಮೇಲಿನ ತಾಮ್ರದ ಹಂಡೆ ತೋರಿಸಿ, "ತಂಗೀ, ಈ ಹಂಡೆ ಒಂದು ಉಳಿದದ್ದು" ಎಂದರು. ಆಗ ಅಂಕೋಲೆ ಬ್ರಿಟಿಷರ ನೇರ ಆಳ್ವಿಕೆಯ ಮುಂಬಯಿ ಪ್ರಾಂತ್ಯದಲ್ಲಿತ್ತು. ಹೋರಾಟದ ಭಾಗವಾಗಿ ತೀರುವೆ, ಅಂದರೆ ಭೂಕಂದಾಯ, ಕಟ್ಟದವರ ಮನೆಗೆ ಜಪ್ತಿಯವರು ಬರುತ್ತಿದ್ದರು. ಹೊಲಗದ್ದೆ, ದನ, ಪಾತ್ರೆ ಎಲ್ಲವೂ ಹರಾಜಿಗೆ. ಆಗ ಹೊಸ ಮದುವಣಗಿತ್ತಿಯಾಗಿ ಬಂದಿದ್ದ ಚಿಕ್ಕಮ್ಮನ ಅತ್ತೆ, ಹೆಂಗಸರೊಡನೆ ಸೇರಿ ರಾತ್ರೋರಾತ್ರಿ ಗದ್ದೆಯಂಚಿನಲ್ಲಿ ಹಂಡೆ ಹೊತ್ತು ನೆಂಟರ ಮನೆಗೆ ಸಾಗಿಸಿದರಂತೆ. ಕೊಡಗಳು, ತವರಿನಿಂದ ತಂದ ಹರಿವಾಣ ಉಳಿಯಲಿಲ್ಲ. ಎಷ್ಟು ಬೇಸಿಗೆ ಆ ಹಂಡೆಯ ನೀರಿನಲ್ಲಿ ಮಿಂದಿದ್ದೇನೆ! ಚಿಕ್ಕಮ್ಮ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ ಉತ್ತರ ಸರಳ: ಯಾರೂ ಕೇಳಿರಲಿಲ್ಲ.

ಅಂದಿನಿಂದ ಪ್ರಶ್ನೆ ಕೇಳುವ ರೀತಿಯನ್ನು ಗಟ್ಟಿಮಾಡಿಕೊಂಡಿದ್ದೇವೆ. "ಸ್ವಾತಂತ್ರ್ಯ ಹೋರಾಟದ ಬಗ್ಗೆ ಹೇಳಿ" ಎಂದರೆ ಹಿರಿಯರು ಗಾಂಧೀಜಿಯ ಹೆಸರು ಹೇಳಿ ಸುಮ್ಮನಾಗುತ್ತಾರೆ. ಪಾತ್ರೆ, ದನ, ಗದ್ದೆ, ಆ ವರ್ಷದ ಊಟ ಏನಾಯಿತೆಂದು ಕೇಳಿದರೆ ಮಾತು ತಾನಾಗಿ ಬರುತ್ತದೆ. ಕೇಳುವಾಗ ಮನೆಯ ಮಕ್ಕಳೂ ಪಕ್ಕದಲ್ಲಿರಬೇಕು. ಫೋನಿನಲ್ಲಿ ಧ್ವನಿಮುದ್ರಣ ಮಾಡಿ, ಯಾರು ಹೇಳಿದ್ದು, ಯಾರಿಂದ ಕೇಳಿದ್ದು ಎಂದು ಅಂದೇ ಬರೆದಿಡಬೇಕು.

ಹಂಡೆಯ ಕತೆ ಕೇಳಿದ್ದರಿಂದಲೇ ವಾಪಸು ಬರುವಾಗ ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಇಳಿದೆವು. ಜೋಗಕ್ಕೆ ಹೋಗುವ ವಾಹನಗಳು ನಿಲ್ಲದೆ ಸಾಗುವ ಊರು ಅದು. ಅದೇ ಕರನಿರಾಕರಣೆಯ ಕಾಲದಲ್ಲಿ, ಜಪ್ತಿಯಾದ ಆಸ್ತಿಯನ್ನು ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಇಲ್ಲಿನ ಹೆಂಗಸರು ಉಪವಾಸ ಕುಳಿತರು. ಕೊಂಡವರು ನೆರೆಯವರೇ, ಗುರುತಿನವರೇ. ಅಂಥವರ ಅಂಗಳದಲ್ಲಿ ಹಸಿದು ಕೂರಲು ಬೇಕಾದ ಧೈರ್ಯ ಕೋಟೆಯ ಮೇಲೆ ನಿಂತು ಕಾದುವುದಕ್ಕಿಂತ ಕಡಿಮೆಯದಲ್ಲ. ಅವರ ಸ್ಮಾರಕ ಅಲ್ಲಿದೆ. ಜೋಗಕ್ಕೆ ಹೋಗುವ ಶಾಲಾ ಬಸ್ಸುಗಳು ಅಲ್ಲಿ ಹತ್ತು ನಿಮಿಷ ನಿಲ್ಲಬೇಕು.

ನಮ್ಮ ತುಮಕೂರು ಆಗ ಮೈಸೂರು ಸಂಸ್ಥಾನದಲ್ಲಿತ್ತು, ಅಲ್ಲಿನ ಹೋರಾಟದ ದಾರಿ ಬೇರೆ. ಅದೇ ಸಂಸ್ಥಾನದ ವಿದುರಾಶ್ವತ್ಥದಲ್ಲಿ ಹೋರಾಟಗಾರರ ಮೇಲೆ ಗೋಲಿಬಾರು ನಡೆದದ್ದು 1938ರ ಏಪ್ರಿಲ್ 25ರಂದು. ಅದರ ಹತ್ತಿರದ ಗೌರಿಬಿದನೂರಿನಲ್ಲಿ ಇವರ ಸೋದರತ್ತೆ ಇದ್ದಾರೆ. ಫೋನ್ ಮಾಡಿ ಕೇಳಿದ್ದೇವೆ. ತಮ್ಮ ಬೀದಿಯಲ್ಲಿ ಇನ್ನೂ ಇಬ್ಬರು ಹಿರಿಯರಿದ್ದಾರೆ, ದಸರಾ ರಜೆಗೇ ಬನ್ನಿ ಅಂದಿದ್ದಾರೆ.