ಆಯಿಗೆ ಕಾಯಿಲೆ, ಕೂಸಿಗೆ ಎರಡು ವರ್ಷ

ಈ ಸಲ ಆಯ್ದುಕೊಂಡ ನಾಲ್ಕು ಪತ್ರಗಳು ಕುಮಟಾ, ಹೊನ್ನಾವರ, ಭಟ್ಕಳದ ಕಡೆಯವು. ನಾಲ್ಕರಲ್ಲೂ ಮನೆಯೊಳಗೆ ದೊಡ್ಡ ಕಾಯಿಲೆ, ಜೊತೆಗೆ ಪುಟ್ಟ ಮಗು. ಬರೆದವರ ಹೆಸರು, ಗುರುತು ಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 32 ವರ್ಷ. ಎದೆಯ ಗಂಟು ಕ್ಯಾನ್ಸರ್ ಎಂದು ಕಳೆದ ತಿಂಗಳು ಗೊತ್ತಾಯಿತು. ಮಣಿಪಾಲದಲ್ಲಿ 21 ದಿನಕ್ಕೊಮ್ಮೆ ಕಿಮೊ ಕೊಡುತ್ತಾರಂತೆ. ಮಗಳಿಗೆ ಎರಡು ವರ್ಷ ಮೂರು ತಿಂಗಳು. ರಾತ್ರಿ ಈಗಲೂ ನನ್ನ ಹಾಲು ಕುಡಿದೇ ಮಲಗುವುದು. ಚಿಕಿತ್ಸೆ ಮುಗಿಯುವ ತನಕ ಕೂಸನ್ನು ಸಿದ್ದಾಪುರದ ಅಜ್ಜನಮನೆಗೆ ಕಳಿಸು, ಹತ್ತಿರ ಇದ್ದರೆ ಅದಕ್ಕೂ ತಾಗುತ್ತದೆ ಎನ್ನುತ್ತಾರೆ ಅತ್ತೆ. ಯಜಮಾನರು ಏನೂ ಹೇಳುವುದಿಲ್ಲ. ಏನು ಮಾಡಲಿ?
— ಓದುಗಿ, ಹೊನ್ನಾವರ

ಉತ್ತರ: ಕಳಿಸಬೇಡಿ. ಕ್ಯಾನ್ಸರ್ ಅಂಟುವ ಕಾಯಿಲೆಯಲ್ಲ. ತಬ್ಬಿದರೆ, ಮುದ್ದಿಸಿದರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಮಗಳಿಗೆ ಬರುವುದಿಲ್ಲ. ಇದನ್ನು ಅತ್ತೆಯವರಿಗೆ ನೀವು ಹೇಳಿದರೆ ವಾದವಾಗುತ್ತದೆ. ಮುಂದಿನ ಭೇಟಿಗೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದ ಕೇಳಲಿ.

ಚಿಕಿತ್ಸೆ ಆರು ತಿಂಗಳು ಹಿಡಿದರೆ, ಅದು ನಿಮ್ಮ ಮಗಳು ಈವರೆಗೆ ಬಾಳಿದ ಬಾಳಿನಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು. ಅಷ್ಟು ಕಾಲ ತಾಯಿ, ಮನೆ, ಹಾಸಿಗೆ ಮೂರನ್ನೂ ಒಟ್ಟಿಗೆ ಕಳೆದುಕೊಳ್ಳುವುದು ಅವಳಿಗೆ ಯಾವ ಕಾಯಿಲೆಗೂ ಕಡಿಮೆಯಲ್ಲ. ಗೇರುಸೊಪ್ಪೆ ಘಟ್ಟ ಹತ್ತಿ ಹೋಗಿ ನೋಡಿ ಬರುವ ತ್ರಾಣ ಕಿಮೊ ನಡುವೆ ನಿಮಗೂ ಇರುವುದಿಲ್ಲ. ಅಜ್ಜಿಯ ಸಹಾಯ ಬೇಕೇ ಬೇಕು. ಆದರೆ ಅಜ್ಜಿ ಹೊನ್ನಾವರಕ್ಕೆ ಇಳಿದು ಬರಲಿ. ಉಣಿಸುವ ಕೈ, ಮಲಗಿಸುವ ಕೈ ದಿನಕ್ಕೊಂದು ಬದಲಾಗದ ಹಾಗೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ. ಯಜಮಾನರು ಮಾತಾಡುವುದಿಲ್ಲ ಎಂದು ಬರೆದಿದ್ದೀರಿ. ಮಾತಾಡದಿದ್ದರೂ ಅಡ್ಡಿಯಿಲ್ಲ, ಮಗಳನ್ನು ಮೀಯಿಸಿ ಮಲಗಿಸುವ ಕೆಲಸ ಇಂದಿನಿಂದಲೇ ಅವರದಾಗಲಿ. ಮೊದಲ ಕಿಮೊ ದಿನ ಇದ್ದಕ್ಕಿದ್ದಂತೆ ಶುರು ಮಾಡಿದರೆ ಮಗು ಒಪ್ಪುವುದಿಲ್ಲ.

ಹಾಲು ಮಾತ್ರ ಬಿಡಿಸಲೇಬೇಕು, ಔಷಧಿ ಎದೆಹಾಲಿಗೆ ಇಳಿಯುತ್ತದೆ. ಬೇವಿನ ರಸ ಹಚ್ಚುವುದು, ಗುಮ್ಮ ಕಚ್ಚಿತು ಎನ್ನುವುದು ನಮ್ಮ ಕಡೆಯ ಹಳೆಯ ಉಪಾಯಗಳು. ನಾಳೆ ನಿಮ್ಮ ಎದೆಗೆ ಬ್ಯಾಂಡೇಜು ಬಂದಾಗ ಆ ಗುಮ್ಮ ಅವಳಿಗೆ ನಿಜವಾಗಿಬಿಡುತ್ತದೆ. "ಹಾಲು ಮುಗೀತು, ಆಯಿ ಇದ್ದಾಳೆ" ಎಂದು ಹೇಳಿ ಪಕ್ಕದಲ್ಲೇ ಮಲಗಿ. ಕೆಲವು ರಾತ್ರಿ ಅಳುತ್ತಾಳೆ. ಅಳಲಿ, ತಟ್ಟುತ್ತಿರಿ.

ಕಾಯಿಲೆಯ ಹೆಸರನ್ನು ಅವಳ ಮುಂದೆ ಹೇಳಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಕ್ಯಾನ್ಸರ್ ಎಂದೇ ಹೇಳಿ. ಅದಕ್ಕೆ ಹೆದರುವವರು ನಾವು ದೊಡ್ಡವರು. ಎರಡು ವರ್ಷದ ಮಗುವಿಗೆ ಅದು ಬಸ್ಸು, ಬೆಕ್ಕಿನಂತೆ ಇನ್ನೊಂದು ಪದ ಅಷ್ಟೆ. 'ಜ್ವರ', 'ಉಬ್ಬು' ಎಂದರೇ ತೊಂದರೆ, ತನಗೆ ಜ್ವರ ಬಂದಾಗ ತಾನೂ ಆಸ್ಪತ್ರೆಗೆ ಹೋಗಿ ಉಳಿಯಬೇಕು ಎಂದುಕೊಳ್ಳುತ್ತದೆ. ಕೂದಲು ಉದುರುವ ಮೊದಲೇ ಅವಳೆದುರೇ ಕತ್ತರಿಸಿ. ಒಂದು ಬೆಳಗ್ಗೆ ಬೋಳುತಲೆಯ ಆಯಿಯನ್ನು ಕಂಡು ಬೆಚ್ಚುವುದು ತಪ್ಪುತ್ತದೆ. ಆಸ್ಪತ್ರೆಗೆ ಹೊರಡುವಾಗ ಹಿಂಬಾಗಿಲಿಂದ ಜಾರಿಕೊಳ್ಳಬೇಡಿ. ಹೇಳಿ ಹೋಗಿ, ಅತ್ತರೂ ಸರಿ. ಬುಧವಾರ, ಗುರುವಾರ ಅವಳಿಗೆ ತಿಳಿಯದು. "ಎರಡು ಸಲ ಮಲಗಿ ಎದ್ದರೆ ಆಯಿ ಬರ್ತಾಳೆ" ಎಂದರೆ ತಿಳಿಯುತ್ತದೆ.

ಎಚ್ಚರ ಬೇಕಿರುವುದು ಬೇರೆ ಕಡೆ. ಕಿಮೊ ಆದ ಮೊದಲ 48 ಗಂಟೆ ಔಷಧಿ ಮೂತ್ರ, ವಾಂತಿಯಲ್ಲಿ ಹೊರಬರುತ್ತದೆ. ವಾಂತಿಯ ಬೋಗುಣಿ ಮಗುವಿನ ಕೈಗೆ ಸಿಗಬಾರದು, ನಿಮ್ಮ ಕೊಳೆಬಟ್ಟೆ ಬೇರೆಯಾಗಿ ಒಗೆಯಬೇಕು. ಮಾತ್ರೆಗಳೆಲ್ಲ ಬೀಗ ಇರುವ ಕಪಾಟಿಗೆ ಹೋಗಬೇಕು. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದ ನಡುವೆ ನಿಮ್ಮ ಬಿಳಿ ರಕ್ತಕಣ ತೀರಾ ಇಳಿದಿರುತ್ತವೆ. ಮಗುವಿಗೆ ಶೀತವಾಗಿದ್ದರೆ ಆಗ ಮಾಸ್ಕ್ ಹಾಕಿ, ಅವಳ ಮೂಗು ಒರೆಸುವ ಕೆಲಸ ಬೇರೆಯವರು ಮಾಡಲಿ. ನಿಮ್ಮ ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ. ಮಣಿಪಾಲ ನೂರು ಕಿಲೋಮೀಟರಿಗೂ ದೂರ. ಅಲ್ಲಿಗೆ ಫೋನ್ ಮಾಡುತ್ತಲೇ ಊರಿನ ಹತ್ತಿರದ ಆಸ್ಪತ್ರೆಗೆ ಹೋಗಿ, ರಕ್ತಪರೀಕ್ಷೆಯೂ ಆಂಟಿಬಯಾಟಿಕ್ಕೂ ಅಲ್ಲೇ ಶುರುವಾಗಲಿ. ಇದಕ್ಕೆ ಯಾರ ಕಾರು, ಯಾರ ನಂಬರು ಎನ್ನುವುದು ಈಗಲೇ ತೀರ್ಮಾನವಾಗಿರಬೇಕು.

ಮಗಳ ದಡಾರ-ರುಬೆಲ್ಲಾ ಚುಚ್ಚುಮದ್ದು ಬಾಕಿಯಿದ್ದರೆ ಹಾಕಿಸಿ, ನಿಮಗೆ ಅಪಾಯವಿಲ್ಲ. ಪೋಲಿಯೊ ಹನಿ ಹಾಗಲ್ಲ. ಅದರಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಸ್, ಕೆಲವು ವಾರ ಮಗುವಿನ ಮಲದಲ್ಲಿ ಹೊರಬರುತ್ತದೆ. ಹನಿ ಹಾಕಿಸುವ ಮೊದಲು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ.

ಪ್ರಶ್ನೆ: ಸೊಸೆಗೆ ಆಪರೇಶನ್ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮಾಣಿಗೆ ಒಂದೂವರೆ ವರ್ಷ. ಮೊದಲೆರಡು ದಿನ ಅತ್ತ, ಆಮೇಲೆ ಚೆಂದಕ್ಕೆ ಇದ್ದ. ಈಗ ಆಯಿ ಬಂದರೆ ಅವಳ ಮುಖವನ್ನೂ ನೋಡುವುದಿಲ್ಲ, ನನ್ನ ಸೀರೆ ಹಿಡಿದು ನಿಲ್ಲುತ್ತಾನೆ. ಅವಳು ಅಡುಗೆಮನೆಗೆ ಹೋಗಿ ಅಳುತ್ತಾಳೆ.
— ಒಬ್ಬ ಅಜ್ಜಿ, ಕುಮಟಾ

ಉತ್ತರ: ಅಜ್ಜಿ, ಅವನು ಚೆಂದಕ್ಕೆ ಇರಲಿಲ್ಲ, ಸುಮ್ಮನಾಗಿದ್ದ. 1952ರಲ್ಲಿ ಲಂಡನ್ನಿನ ಸಂಶೋಧಕ ಜೇಮ್ಸ್ ರಾಬರ್ಟ್‌ಸನ್ ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳನ್ನು ಎಂಟು ದಿನ ಚಿತ್ರೀಕರಿಸಿ ತೋರಿಸಿದ್ದು ಇದನ್ನೇ. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ಹೆತ್ತವರು ಮಗುವಿನ ಜೊತೆ ಉಳಿಯುವಂತಿರಲಿಲ್ಲ. ಮಗು ಅಳು ನಿಲ್ಲಿಸಿದರೆ 'ಹೊಂದಿಕೊಂಡಿತು' ಎಂದು ನರ್ಸುಗಳೂ ಡಾಕ್ಟರುಗಳೂ ನಂಬಿದ್ದರು. ಆ ಸುಮ್ಮನಿರುವಿಕೆ ದುಃಖವೆಂದು ಒಪ್ಪಲು ಅವರಿಗೆ ವರ್ಷಗಳೇ ಹಿಡಿದವು. ಬಿಟ್ಟು ಹೋದವಳ ಮೇಲೆ ಮುಖ ತಿರುಗಿಸುವುದು ಮಗುವಿನ ಸಿಟ್ಟು. ಸಿಟ್ಟು ಬರುವುದು ಆಯಿ ಬೇಕಾದ್ದರಿಂದಲೇ. ಸೊಸೆಗೆ ಈ ಮಾತು ಓದಿ ಹೇಳಿ.

ಮಾಣಿಯನ್ನು ಎತ್ತಿ ಅವಳ ತೊಡೆಗೆ ಹಾಕಬೇಡಿ. ಅವಳು ನೆಲಕ್ಕೆ ಚಾಪೆ ಹಾಸಿ ಕೂತು ಅವನ ಆಟಿಕೆಯನ್ನು ತಾನೇ ಆಡುತ್ತಿರಲಿ, ನೀವು ಪಕ್ಕದಲ್ಲಿರಿ. ಅವನಾಗಿ ಬರುತ್ತಾನೆ. ಆಮೇಲೆ ನೀವು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಯಬೇಕು, ಅಜ್ಜಿಯರಿಗೆ ಕಷ್ಟವಾಗುವುದು ಇದೇ ಕೆಲಸ. ಡಾಕ್ಟರು ಬೇಡವೆಂದಷ್ಟು ವಾರ ಸೊಸೆ ಅವನನ್ನು ಎತ್ತಬಾರದು. ಕೂತಿದ್ದಾಗ ಅವನೇ ಹತ್ತಿ ಬಂದರೆ ಸಾಕು, ಹೊಲಿಗೆಯ ಮೇಲೊಂದು ದಿಂಬು ಇಟ್ಟುಕೊಳ್ಳಲಿ. ಅವಳ ಅಳು ಎರಡು ವಾರ ಕಳೆದರೂ ನಿಲ್ಲದೆ, ಊಟ ನಿದ್ದೆ ಕೆಟ್ಟರೆ 14416ಕ್ಕೆ ಕರೆ ಮಾಡಿ. 'ಟೆಲಿ ಮಾನಸ್' ಎಂಬ ಸರಕಾರಿ ಸಹಾಯವಾಣಿ, ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನಾನು ದುಬೈನಲ್ಲಿ ಕೆಲಸದಲ್ಲಿದ್ದೇನೆ. ಭಟ್ಕಳದಲ್ಲಿರುವ ನನ್ನ ಪತ್ನಿಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಶನ್ ಆಗಿದೆ, ಮುಂದೆ ರೇಡಿಯೊ ಅಯೋಡಿನ್ ಕೊಡುತ್ತಾರಂತೆ. ಮಗುವಿಗೆ 14 ತಿಂಗಳು, ಇನ್ನೂ ತಾಯಿಹಾಲು ಕುಡಿಯುತ್ತದೆ. ರಜೆ ಒಂದೇ ಸಲ ಸಿಗುವುದು. ಯಾವಾಗ ಬರಲಿ?
— ಓದುಗ, ಭಟ್ಕಳ

ಉತ್ತರ: ಅಯೋಡಿನ್ ಕೊಡುವಾಗಲೇ ಬನ್ನಿ. ಹೊನ್ನಾವರದ ಓದುಗಿಗೆ ಹೇಳಿದ್ದು ನಿಮಗೆ ಹೊಂದುವುದಿಲ್ಲ. ಈ ಒಂದು ಚಿಕಿತ್ಸೆಯಲ್ಲಿ ತಾಯಿಯ ಮೈಯೇ ಕೆಲವು ದಿನ ವಿಕಿರಣ ಸೂಸುತ್ತದೆ, ಬೆವರು, ಉಗುಳಿನಲ್ಲೂ ಅಯೋಡಿನ್ ಇರುತ್ತದೆ. ಎಳೆಯ ಮಗುವಿನ ಥೈರಾಯ್ಡ್ ಅದನ್ನು ಬೇಗ ಹೀರಿಕೊಳ್ಳುತ್ತದೆ. ಆಸ್ಪತ್ರೆಯಿಂದ ಬಂದ ಮೇಲೂ ಎಷ್ಟು ದಿನ, ಎಷ್ಟು ದೂರ ಎಂದು ಡೋಸ್ ನೋಡಿ ಬರೆದುಕೊಡುತ್ತಾರೆ. ದೊಡ್ಡವರಿಗಿಂತ ಮಕ್ಕಳಿಗೆ ಅದು ಹೆಚ್ಚು ದಿನ. ಅಷ್ಟೂ ದಿನ ಮಗು ನಿಮ್ಮ ಮಡಿಲಲ್ಲಿರಬೇಕು. ಮೊದಲ ದಿನವೇ ಬಂದಿಳಿದರೆ ಅದಕ್ಕೆ ನಿಮ್ಮ ಗುರುತೇ ಇರುವುದಿಲ್ಲ, ಆದಷ್ಟು ಮುಂಚೆ ಬನ್ನಿ.

ಎದೆಹಾಲನ್ನು ಚಿಕಿತ್ಸೆಗೆ ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಬೇಕು, ಈ ಮಗುವಿಗೆ ಮತ್ತೆ ಕುಡಿಸುವಂತಿಲ್ಲ. ಈ ಮಾತು ಯಾರೂ ಹೇಳದೆ ಉಳಿಯುವುದುಂಟು, ಇವತ್ತೇ ಫೋನ್ ಮಾಡಿ ತಿಳಿಸಿ. ಒಂದೇ ಮನೆಯಲ್ಲಿದ್ದು ಬಾಗಿಲಾಚೆಯಿಂದ ಆಯಿಯ ದನಿ ಕೇಳಿದರೆ ಮಗು ಬಾಗಿಲು ಬಡಿಯುತ್ತದೆ. ಇಲ್ಲಿ ಮಾತ್ರ ಕೆಲವು ದಿನದ ಮಟ್ಟಿಗೆ ಮಗು ಅಪ್ಪನ ಜೊತೆ ಬಂಧುಗಳ ಮನೆಯಲ್ಲಿರುವುದು ಒಳ್ಳೆಯದು.

ಪ್ರಶ್ನೆ: ಯಜಮಾನರು ಬೋಟಿಗೆ ಹೋಗುತ್ತಾರೆ. ನನಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ವಾರಕ್ಕೆ ಐದು ದಿನದಂತೆ ಐದು ವಾರ ಕರೆಂಟು ಕೊಡಬೇಕಂತೆ. ಮೂರು ವರ್ಷದ ಮಗನಿದ್ದಾನೆ. ಬಿಪಿಎಲ್ ಕಾರ್ಡ್ ಇದೆ. ಹೋಗಿ ಬರುವ ಖರ್ಚಿಗೇ ಸಾಲ ಮಾಡಬೇಕು.
— ಓದುಗಿ, ಕಾಸರಕೋಡ

ಉತ್ತರ: ದಿನಾ ಹೋಗಿ ಬರುವ ಯೋಚನೆ ಬಿಡಿ. ಆಸ್ಪತ್ರೆಯ ಊರಲ್ಲೇ ಉಳಿದು, ವಾರದ ಕೊನೆಗೆ ಮನೆಗೆ ಬನ್ನಿ. ಹೊರಗಿನಿಂದ ಕೊಡುವ ಕರೆಂಟು, ಎಂದರೆ ವಿಕಿರಣ, ಮೈಯಲ್ಲಿ ಉಳಿಯುವುದಿಲ್ಲ, ಅದೇ ಸಂಜೆ ಮಗನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಕಡಿಮೆ ಬಾಡಿಗೆಯ ವಸತಿಯ ಬಗ್ಗೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ. ಮಗ ಅಂಗನವಾಡಿಗೆ ಹೋಗುವ ವಯಸ್ಸಿನವನು, ಅದನ್ನು ತಪ್ಪಿಸಬೇಡಿ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಬೋಟು ಕಡಲಿಗಿಳಿಯುವುದಿಲ್ಲ, ಅಪ್ಪ ಮನೆಯಲ್ಲೇ. ಹಾಗೆಂದು ಆ ರಜೆಗಾಗಿ ಚಿಕಿತ್ಸೆ ಮುಂದೂಡಬೇಡಿ, ಈ ಕ್ಯಾನ್ಸರ್ ಕಾಯುವುದಿಲ್ಲ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆಯಿದೆ. ಮೊದಲು ಸರಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಪಡೆದು, ದೊಡ್ಡ ಆಸ್ಪತ್ರೆಯಲ್ಲಿ 'ಆರೋಗ್ಯ ಮಿತ್ರ'ರನ್ನು ಕಾಣಿ. ದುಡ್ಡು ಕಟ್ಟಿದ ಮೇಲೆ ಕಾರ್ಡ್ ತೋರಿಸಿದರೆ ಕೆಲಸ ಕೆಡುತ್ತದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಪೂರ್ತಿ ಉಚಿತ, ಜೊತೆಗಾರರೊಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ. ಸರಕಾರಿ ಸಾಮಾನ್ಯ ಬಸ್ಸು 2023ರ ಜೂನ್ 11ರಿಂದ ಹೆಂಗಸರಿಗೆ ಹೇಗೂ ಉಚಿತ.

ತಾಯಿಯೊಬ್ಬಳು ಕರೆಂಟಿಗಾಗಿ ಜಿಲ್ಲೆ ದಾಟಬೇಕಾಗಿರುವುದು ಅವಳ ಹಣೆಬರಹವಲ್ಲ, ಆಡಳಿತದ ಲೋಪ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಸತ್ತರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದಿದ್ದರು. ಆ ಕೂಗು ನ್ಯಾಯವಾದದ್ದು, ಆದರೆ ನಿಮ್ಮ ಐದು ವಾರ ಅದಕ್ಕಾಗಿ ಕಾಯಲಾರದು. ಸದ್ಯ ನಿಮ್ಮ ಕೈಲಾಗುವುದನ್ನು ಮಾಡಿ: ರೈಲ್ವೆ ರಿಯಾಯಿತಿಯ ಪ್ರಮಾಣಪತ್ರಕ್ಕೆ ನಿಗದಿತ ನಮೂನೆಯಿದೆ, ಆಸ್ಪತ್ರೆಯೇ ಸಹಿ ಹಾಕಿ ಕೊಡಬೇಕು. ಮುಂದಿನ ಭೇಟಿಯಲ್ಲೇ ಕೇಳಿ ತೆಗೆದುಕೊಳ್ಳಿ.